ಹೊಸತೊಡಕಿನ ಬೆಳಗಿನ ತಂಗಳು

ಯುಗಾದಿ ಅಡುಗೆಯನ್ನು ಯುಗಾದಿಯ ದಿನವೇ ಹೊಗಳುವುದು ಅವಸರದ ಮಾತು. ಹೆಂಚಿನ ಮೇಲಿಂದ ನೇರವಾಗಿ ಎಲೆಗೆ ಬಂದು, ಮೇಲೊಂದು ಮಿಳ್ಳೆ ತುಪ್ಪ ಬಿದ್ದರೆ ಯಾರು ತಟ್ಟಿದ ಒಬ್ಬಟ್ಟೂ ಚೆನ್ನಾಗಿಯೇ ಇರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹಬ್ಬದ ಅಡುಗೆಯ ಗಟ್ಟಿತನ ಗೊತ್ತಾಗುವುದು ಮಾರನೆ ದಿನ, ಹೊಸತೊಡಕಿನ ಬೆಳಿಗ್ಗೆ. ಹಿಂದಿನ ದಿನದ ಒಬ್ಬಟ್ಟು, ರಾತ್ರಿಯೆಲ್ಲ ಕೂತ ಒಬ್ಬಟ್ಟಿನ ಸಾರು, ನೀರಿನಲ್ಲಿ ಮುಳುಗಿದ್ದ ಹಿಟ್ಟು (ರಾಗಿಮುದ್ದೆಗೆ ಇಲ್ಲಿನವರ ಹೆಸರು), ಮಿಕ್ಕ ಅನ್ನ. ಇವಿಷ್ಟೂ ಸೇರಿ ಆಗುವ ಆ ತಿಂಡಿಗೆ ಹೆಸರಿಲ್ಲ, ಅಡುಗೆ ಪುಸ್ತಕಗಳಲ್ಲಿ ಜಾಗವಿಲ್ಲ, ಹಬ್ಬದ ಪುರವಣಿಗಳಲ್ಲಿ ಚಿತ್ರವಿಲ್ಲ. ಆದರೂ ಹಳೇ ಮೈಸೂರು ಸೀಮೆಯ ಅಡುಗೆ ಬುದ್ಧಿ ಅತಿ ಚೆನ್ನಾಗಿ ಕೆಲಸ ಮಾಡಿರುವುದು ಇಲ್ಲೇ ಎಂಬುದು ನನ್ನ ವಾದ. ವಾದಕ್ಕೆ ಕೆಲವು ಷರತ್ತುಗಳೂ ಇವೆ.

ಮೊದಲು ಕಾರಣ ನೋಡೋಣ. ಯುಗಾದಿಯ ದಿನ ಬೇವು-ಬೆಲ್ಲ, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ, ಒಬ್ಬಟ್ಟು. ಬಾಡಿನ ಸುದ್ದಿ ಇಲ್ಲ. ಮಾರನೆ ದಿನ ವರ್ಷತೊಡಕು, ಊರಿನ ಬಾಯಲ್ಲಿ ಹೊಸತೊಡಕು. ವರ್ಷವಿಡೀ ಚೀಟಿ ಕಟ್ಟಿದ ಹಣದಲ್ಲಿ ಆಡು-ಕುರಿ ತಂದು, ಬೆಳಕು ಹರಿಯುವ ಮುಂಚೆ ಕಡಿದು, ಪಾಲುದಾರರಿಗೆಲ್ಲ ಸಮನಾಗಿ ಗುಡ್ಡೆ ಹಾಕಿ ಹಂಚುತ್ತಾರೆ. ಅದಕ್ಕೇ ಗುಡ್ಡೆ ಬಾಡು ಎಂಬ ಹೆಸರು. ಗುಡ್ಡೆ ಮನೆಗೆ ಬಂದ ಮೇಲೆ ತಲೆ ಸುಡುವುದು, ಬೋಟಿ ತೊಳೆಯುವುದು, ಕಾರ ಅರೆಯುವುದು, ಹೊತ್ತು ನೆತ್ತಿಗೆ ಬರುವವರೆಗೂ ಅಡುಗೆಮನೆಗೆ ಬಿಡುವಿಲ್ಲ. ನಡುವೆ ತಿಂಡಿ ಮಾಡುವವರು ಯಾರು? ಹಾಗಾಗಿ ಯುಗಾದಿಯ ರಾತ್ರಿಯೇ ಮನೆಯ ಹಿರಿಯಳು ಹೇಳಿಬಿಡುತ್ತಾಳೆ: ‘ನಾಕು ಹಿಟ್ಟು ಜಾಸ್ತಿ ತಿರುವ್ಕೊ ಕಣವ್ವ, ಬೆಳಿಗ್ಗೆಗಾಯ್ತದೆ.’ ತಂಗಳು ಬೇಕೆಂದೇ ಮಿಗಿಸಿದ ಅಡುಗೆ ಎಂಬುದಕ್ಕೆ ಈ ಒಂದು ಮಾತು ಸಾಕು. ಹೊಸತೊಡಕು ಸೋಮವಾರವೋ ಶನಿವಾರವೋ ಬಿದ್ದರೆ ಅನೇಕ ಮನೆಗಳಲ್ಲಿ ಬಾಡೂಟ ಇನ್ನೊಂದು ದಿನ ಮುಂದಕ್ಕೆ ಹೋಗುತ್ತದೆ. ಆಗ ಸಾರಿನ ಪಾತ್ರೆಗೆ ಮೂರನೆಯ ದಿನದ ಜವಾಬ್ದಾರಿಯೂ ಬೀಳುತ್ತದೆ.

ಈ ತಿಂಡಿಯ ಯಜಮಾನಿಕೆ ಸಾರಿನದು. ಒಬ್ಬಟ್ಟಿಗೆಂದು ಬೇಯಿಸಿದ ತೊಗರಿಬೇಳೆಯನ್ನೋ ಕಡಲೆಬೇಳೆಯನ್ನೋ ಬೆರಳಲ್ಲಿ ಹಿಸುಕಿದರೆ ಒಡೆಯುವ ಹದಕ್ಕೆ ಇಳಿಸಿ, ಬಸಿದ ಕಟ್ಟನ್ನು ಎತ್ತಿಡುತ್ತಾರೆ. ಬೇಳೆಗೆ ಬೆಲ್ಲ ಸೇರಿ ಹೂರಣವಾದ ಮೇಲೆ ಅದರಿಂದ ಒಂದು ಹಿಡಿ ತೆಗೆದು, ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಚಕ್ಕೆ, ಲವಂಗ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿತುರಿ ಜತೆಗೆ ನುಣ್ಣಗೆ ಅರೆದು ಕಟ್ಟಿಗೆ ಬೆರೆಸುತ್ತಾರೆ. ಹುಣಸೆಹುಳಿ, ಕಾರದ ಪುಡಿ, ಉಪ್ಪು, ಮೇಲೆ ಸಾಸಿವೆ-ಕರಿಬೇವಿನ ಒಗ್ಗರಣೆ. ಮಾಡಿದ ದಿನ ಈ ಸಾರು ಸ್ವಲ್ಪ ಜಗಳಗಂಟಿ. ಬೆಲ್ಲ ಒಂದು ಕಡೆ ಎಳೆಯುತ್ತದೆ, ಹುಳಿ ಇನ್ನೊಂದು ಕಡೆ, ಚಕ್ಕೆ-ಲವಂಗ ಮೂಗಿಗೆ ಮೊದಲು ಬಡಿಯುತ್ತದೆ. ರಾತ್ರಿ ಒಮ್ಮೆ ಕುದಿಸಿ, ಬೆಳಿಗ್ಗೆ ಇನ್ನೊಮ್ಮೆ ಕುದಿಸಿದಾಗ ನೀರು ಆರಿ ಬೇಳೆಯ ಗಂಜಿ ಗಟ್ಟಿಯಾಗುತ್ತದೆ. ಮಸಾಲೆಯ ಎಣ್ಣೆಯಂಶ ಸಾರಿಗೆಲ್ಲ ಹರಡುತ್ತದೆ. ಈರುಳ್ಳಿ-ಬೆಳ್ಳುಳ್ಳಿಯ ಹಸಿ ಗಡಸು ಇಳಿಯುತ್ತದೆ. ಸೌಟು ಎತ್ತಿದರೆ ಸಾರು ಧಾರೆಯಾಗಿ ಬೀಳದೆ ಬೆನ್ನಿಗೆ ಅಂಟಿಕೊಂಡು ನಿಧಾನಕ್ಕೆ ಜಾರುತ್ತದೆ. ಬಣ್ಣ ಕಂದಿನಿಂದ ಕಪ್ಪಿಗೆ ತಿರುಗಿರುತ್ತದೆ. ಆ ಹೊತ್ತಿಗೆ ಸಿಹಿ ಯಾವುದು, ಕಾರ ಯಾವುದು ಎಂದು ಬಿಡಿಸಿ ಹೇಳಲಾಗದು. ಅದೇ ಈ ಸಾರಿನ ಪಕ್ವತೆ. ಎರಡನೆಯ ದಿನದ ಸಾರು ಮೊದಲ ದಿನದ್ದಕ್ಕಿಂತ ಮೇಲು ಎಂಬುದು ಈ ಸೀಮೆಯಲ್ಲಿ ಚರ್ಚೆಯ ವಿಷಯವೇ ಅಲ್ಲ.

ಆದರೆ ಆ ರುಚಿ ತಾನಾಗಿ ಬರುವುದಿಲ್ಲ, ಕಾಯಬೇಕು. ಬಡಿಸಿದ ಸೌಟನ್ನು ಮತ್ತೆ ಪಾತ್ರೆಗೆ ಇಳಿಸುವಂತಿಲ್ಲ, ನೀರು ತಾಗಿದ ಸೌಟಂತೂ ಕೂಡದು. ಎರಡು ಹೊತ್ತು ಕುದಿ ಬರಲೇಬೇಕು; ಬರೀ ಬೆಚ್ಚಗೆ ಮಾಡಿ ಇಳಿಸಿದರೆ ಮೂರನೆಯ ದಿನ ಸಾರಿನ ಮೇಲೆ ನೊರೆ ಬಂದು ಸುದ್ದಿ ತಿಳಿಸುತ್ತದೆ. ಹೆಚ್ಚು ದಿನ ಇಡಬೇಕೆಂದಿದ್ದವರು ಕಾಯಿ ಕಡಿಮೆ ಮಾಡುತ್ತಾರೆ, ಕಾಯಿ ಬೇಗ ಹಳಸುತ್ತದೆಂಬ ಲೆಕ್ಕ. ಫ್ರಿಜ್ ಇಲ್ಲದ ಕಾಲದಲ್ಲಿ, ಚೈತ್ರದ ಸೆಕೆಯಲ್ಲಿ, ಬೇಳೆಯ ಪದಾರ್ಥವೊಂದನ್ನು ಎರಡು ಮೂರು ದಿನ ಕೆಡದಂತೆ ಉಳಿಸಿದ್ದು ಹುಳಿ, ಉಪ್ಪು ಮತ್ತು ಮತ್ತೆ ಮತ್ತೆ ಬಂದ ಕುದಿ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಸೊಸೆಯಿಂದ ಸೊಸೆಗೆ ಗದರಿಕೆಯ ರೂಪದಲ್ಲಿ ದಾಟಿ ಬಂತು.

ಇನ್ನು ಹಿಟ್ಟು. ಇಲ್ಲಿ ನಾಲ್ಕು ತಾಲ್ಲೂಕು ಎರಡಾಗುತ್ತವೆ. ನಾಗಮಂಗಲ ಮತ್ತು ಕೆ.ಆರ್. ಪೇಟೆಯ ದೊಡ್ಡ ಭಾಗ ಹಿಂದಿನಿಂದ ಮಳೆಯಾಶ್ರಯದ ಬೆದ್ದಲು. ರಾಗಿ, ಹುರುಳಿ, ಅವರೆಯ ನೆಲ. ಗೊರೂರಿನ ಹೇಮಾವತಿ ಅಣೆಕಟ್ಟಿನ ನಾಲೆಗಳು ಬಂದ ಮೇಲೆ ಕೆಲವು ಹೋಬಳಿಗಳ ಚಹರೆ ಬದಲಾಯಿತು, ಅಷ್ಟೆ. ಶ್ರೀರಂಗಪಟ್ಟಣ, ಪಾಂಡವಪುರದ ಕಥೆ ಬೇರೆ. ಕಾವೇರಿಯಿಂದ ಹೊರಡುವ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆಗಳು ಇಲ್ಲಿ ಹಿಂದಿನಿಂದಲೇ ಭತ್ತ ಬೆಳೆಸುತ್ತಿದ್ದವು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿದು, ಇರ್ವಿನ್ ನಾಲೆ ಎಂದಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ಭತ್ತ ಮತ್ತು ಕಬ್ಬಿನ ಸೀಮೆ ಇನ್ನಷ್ಟು ಹಿಗ್ಗಿತು. ಆದ್ದರಿಂದ ನಾಗಮಂಗಲದ ಕಡೆಯ ತಂಗಳು ಎಂದರೆ ಮುಖ್ಯವಾಗಿ ತಂಗಳಿಟ್ಟು. ನಾಲೆ ಬಯಲಿನಲ್ಲಿ ಅದರ ಪಕ್ಕ ತಂಗಳನ್ನವೂ ಬಂದು ಕೂತಿತು.

ತಂಗಳಿಟ್ಟಿನ ಕ್ರಮ ಸರಳ. ರಾತ್ರಿ ಕಟ್ಟಿದ ಮುದ್ದೆ ಆರಿದ ಮೇಲೆ ಇಡಿಯಾಗಿ ಮಡಕೆಗೆ ಹಾಕಿ, ಮುಳುಗುವಷ್ಟು ತಣ್ಣೀರು ಹೊಯ್ದು ಮುಚ್ಚುವುದು. ಬೆಳಿಗ್ಗೆ ತೆಗೆದಾಗ ಮೇಲ್ಪದರ ನೀರುಂಡು ಮೆತ್ತಗಾಗಿ ಜಾರುತ್ತದೆ, ಒಳಗೆ ಬಿಗಿ ಹಾಗೇ ಇರುತ್ತದೆ. ನೀರಿಗೆ ನವುರಾದ ಹುಳಿ ಬಂದಿರುತ್ತದೆ. ಮಾಮೂಲು ದಿನವಾದರೆ ಮಜ್ಜಿಗೆ, ಉಪ್ಪು ಹಾಕಿ ಕೈಯಲ್ಲಿ ಕಿವುಚಿ, ಈರುಳ್ಳಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಕುಡಿಯುತ್ತಾರೆ, ಹೊಲಕ್ಕೆ ಹೋಗುತ್ತಾರೆ. ಹೊಸತೊಡಕಿನ ದಿನ ಅದೇ ತಣ್ಣನೆಯ ಹಿಟ್ಟನ್ನು ಮುರಿದು ಕುದಿಯುವ ಒಬ್ಬಟ್ಟಿನ ಸಾರಿಗೆ ಅದ್ದಿ ನುಂಗುವವರುಂಟು. ತಣ್ಣಗಿನ, ಸಪ್ಪೆ-ಹುಳಿಯ ರಾಗಿಯ ಮೇಲೆ ಬಿಸಿಯಾದ ಸಿಹಿ-ಕಾರದ ಸಾರು ಬಿದ್ದಾಗ ಆಗುವ ರುಚಿಗೆ ಬಿಸಿ ಮುದ್ದೆ ಸಾಟಿಯಲ್ಲ. ಬಿಸಿ ಮುದ್ದೆ ಸಾರಿನ ಬಿಸಿಯಲ್ಲೇ ಕರಗಿಹೋಗುತ್ತದೆ. ತಂಗಳು ಎದುರು ನಿಲ್ಲುತ್ತದೆ.

ತಿರುವಿದವರ ಕೈಯನ್ನು ಬಯಲು ಮಾಡುವುದೂ ಈ ತಿಂಡಿಯೇ. ಎಸರು ಸರಿಯಾಗಿ ಕುದಿಯದೆ ಹಿಟ್ಟು ಹಾಕಿದ್ದರೆ, ಕೋಲಾಡಿಸುವಾಗ ಸೋಮಾರಿತನ ಮಾಡಿದ್ದರೆ, ಒಳಗೆ ಗಂಟು ಉಳಿದಿರುತ್ತದೆ. ರಾತ್ರಿ ಬಿಸಿಯಲ್ಲಿ ಸಾರಿನ ಮರೆಯಲ್ಲಿ ಅದು ಗೊತ್ತಾಗದೆ ಇಳಿದುಹೋಗುತ್ತದೆ. ಬೆಳಿಗ್ಗೆ ನೀರಲ್ಲಿ ಕಿವುಚುವಾಗ ಹಸಿ ಹಿಟ್ಟಿನ ಗಂಟು ಬೆರಳಿಗೆ ಸಿಕ್ಕೇ ಸಿಗುತ್ತದೆ. ಚೆನ್ನಾಗಿ ಬೆಂದ ಹಿಟ್ಟು ಮಾತ್ರ ರಾತ್ರಿ ಕಳೆದು ಮೆರೆಯುತ್ತದೆ.

ಬಾಳಿಕೆಯ ಗುಣವನ್ನೇ ರಾಗಿಯ ದೊಡ್ಡಸ್ತಿಕೆ ಎಂದು ಸಾರಿದ ಕಾವ್ಯ ನಮ್ಮಲ್ಲಿದೆ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ನರೆದಲಗ ಮತ್ತು ವ್ರೀಹಿ, ಅಂದರೆ ರಾಗಿ ಮತ್ತು ಭತ್ತ, ಯಾರು ಮೇಲೆಂದು ಜಗಳಕ್ಕೆ ಬಿದ್ದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಕೊನೆಗೆ ಸೊರಗದೆ ಹೊರಬಂದದ್ದು ರಾಗಿ. ಬಡವರ ಧಾನ್ಯಕ್ಕೆ ಕೀರ್ತಿ ತಂದ ಆ ತೀರ್ಪಿನ ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ತುಂಬಿಡುತ್ತಿದ್ದ ಒಕ್ಕಲುತನದ ಅನುಭವ ಇದೆ. ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರ ಕೆಲಸದಿಂದ ಇಳುವರಿ ಏರಿತು. ಹಸಿದ ಮನೆಗಳಲ್ಲಿ ಬೆಳಿಗ್ಗೆಗೆಂದು ನಾಲ್ಕು ಮುದ್ದೆ ಮಿಗಿಸುವ ಧೈರ್ಯ ಬರಬೇಕಾದರೆ ಮೊದಲು ಹಗೇವು ತುಂಬಬೇಕು ತಾನೆ.

ಅನ್ನದ ವಿಷಯದಲ್ಲಿ ನನ್ನ ಮೆಚ್ಚುಗೆಗೆ ಕಡಿವಾಣವಿದೆ. ತಂಗಳನ್ನದ ಚಿತ್ರಾನ್ನ ಬಿಸಿ ಅನ್ನದ್ದಕ್ಕಿಂತ ಚೆನ್ನ. ಆರಿದ ಅಗುಳಿನ ಪಿಷ್ಟ ಬಿಗಿದುಕೊಂಡಿರುತ್ತದೆ, ಒಗ್ಗರಣೆಯಲ್ಲಿ ಮುದ್ದೆಯಾಗದೆ ಬಿಡಿಬಿಡಿಯಾಗಿ ಉಳಿಯುತ್ತದೆ, ಮಾವಿನಕಾಯಿಯ ಹುಳಿ ಅಗುಳಗುಳಿಗೂ ಹಿಡಿಯುತ್ತದೆ. ಆದರೆ ಅನ್ನವನ್ನು ರಾಗಿಯಷ್ಟು ಸಲೀಸಾಗಿ ನಂಬುವಂತಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ಬೆಳೆದರೆ ಬಿಡುವ ವಾಂತಿಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಹಬ್ಬದ ದಿನ ಮಧ್ಯಾಹ್ನ ಬಸಿದ ಅನ್ನ ದೊಡ್ಡ ತಪ್ಪಲೆಯಲ್ಲಿ ಮುಚ್ಚಿಟ್ಟು, ನಡುವಿನ ಬಿಸಿ ಆರದೆ, ಬೆಳಗಿನವರೆಗೆ ಕೂತರೆ ಅಪಾಯ ಅಲ್ಲಿದೆ. ಹಳಬರು ಅನ್ನವನ್ನು ಹರಡಿ ಆರಿಸಿ, ರಾತ್ರಿಯೇ ನೀರು ಹಾಕಿ ಒಂದು ಸೌಟು ಮಜ್ಜಿಗೆ ಬೆರೆಸುತ್ತಿದ್ದುದು ಸುಮ್ಮನೆ ಅಲ್ಲ. ಹುಳಿ ಬೇಗ ಏರಿದರೆ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಆರಿಸದೆ, ಹುಳಿ ಹಾಕದೆ ಇಟ್ಟ ಅನ್ನ ತಂಗಳು ಎನಿಸುವುದಿಲ್ಲ, ಹಳಸಲು ಎನಿಸುತ್ತದೆ. ಇವೆರಡರ ನಡುವಿನ ಗೆರೆ ಗೊತ್ತಿಲ್ಲದವರು ತಂಗಳನ್ನದ ತಂಟೆಗೆ ಹೋಗದಿರುವುದು ಒಳ್ಳೆಯದು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಈ ಸಮಸ್ಯೆಗೆ ತನ್ನದೇ ಪರಿಹಾರ ಕಂಡುಕೊಂಡಿದೆ. ಮಡಿವಂತ ಮನೆಗಳಲ್ಲಿ ರಾತ್ರಿ ಕಳೆದ ಅನ್ನ ಮುಟ್ಟುವಂತಿಲ್ಲ. ಆದರೆ ಎಣ್ಣೆ-ತುಪ್ಪ ಬೆರೆತ ತಿನಿಸಿಗೆ ಧರ್ಮಶಾಸ್ತ್ರಗಳೇ ರಿಯಾಯಿತಿ ಕೊಟ್ಟಿವೆ. ಹುಣಸೆ, ಬೆಲ್ಲ, ಮೆಣಸು, ಎಳ್ಳನ್ನು ಧಾರಾಳ ಎಣ್ಣೆಯಲ್ಲಿ ಗಟ್ಟಿಯಾಗಿ ಕುದಿಸಿದ ಗೊಜ್ಜನ್ನು ಆರಿದ ಅನ್ನಕ್ಕೆ ಕಲಸಿದರೆ ಪುಳಿಯೋಗರೆ. ಅಲ್ಲಿನ ವೈರಮುಡಿ ಉತ್ಸವಕ್ಕೆ ಬಂದವರು ಪೊಟ್ಟಣ ಕಟ್ಟಿಸಿಕೊಂಡು ಊರಿಗೊಯ್ದು ಮಾರನೆ ದಿನ ತಿಂದರೆ ಅದರ ಹೆಸರು ಪ್ರಸಾದ. ಅದೇ ಬೆಳಿಗ್ಗೆ ಬೆಟ್ಟದ ಕೆಳಗಿನ ಒಕ್ಕಲು ಮನೆಯಲ್ಲಿ ಮಜ್ಜಿಗೆಯಲ್ಲಿ ಕಲಸಿದ ಅನ್ನ ತಿಂದರೆ ಅದು ತಂಗಳು. ಎರಡಕ್ಕೂ ಕಾವಲು ಹುಳಿಯೇ. ಮರ್ಯಾದೆ ಮಾತ್ರ ಒಂದಕ್ಕೇ ಸಿಕ್ಕಿದೆ.

ಒಬ್ಬಟ್ಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೇಳೆ ಒಬ್ಬಟ್ಟು ಮಾರನೆ ದಿನ ಕಾದ ಹೆಂಚಿನ ಮೇಲೆ ತುಪ್ಪದಲ್ಲಿ ಎರಡೂ ಮಗ್ಗುಲು ಗರಿಯಾಗುವಂತೆ ಬಿಸಿ ಮಾಡಿದರೆ ಮೊದಲ ದಿನಕ್ಕೆ ಸಮ. ಬಿಸಿ ಹಾಲಿನಲ್ಲಿ ನೆನೆಸಿದರೆ ಹಲ್ಲಿಲ್ಲದ ಅಜ್ಜನಿಗೂ ಒಗ್ಗುತ್ತದೆ. ಕಾಯೊಬ್ಬಟ್ಟಿಗೆ ಆಯುಸ್ಸು ಇನ್ನೂ ಹೆಚ್ಚು. ಮೈಕ್ರೋವೇವ್‌ಗೆ ಇಟ್ಟರೆ ಕಣಕ ಚರ್ಮದಂತಾಗುತ್ತದೆ.

ಉಳಿದದ್ದನ್ನು ಹಬ್ಬದ ಬೆಳಗಿಗೆ ಏರಿಸುವ ಜಾಣತನ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಒಣಗಿದ ಬ್ರೆಡ್ ಚೂರುಗಳನ್ನು ಮೊಟ್ಟೆ-ಹಾಲಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಓವನ್‌ನಲ್ಲಿ ಬೇಯಿಸುತ್ತಾರೆ. ಉಡುಗೊರೆ ಬಿಚ್ಚುವ ಗದ್ದಲದಲ್ಲಿ ಅಡುಗೆಯ ತಲೆನೋವು ಬೇಡವೆಂಬುದೇ ಅಲ್ಲಿಯೂ ಕಾರಣ. ನಮ್ಮ ಊರುಗಳಲ್ಲಿ ಬ್ರೆಡ್ಡು ಜ್ವರ ಬಂದವರ ಪಥ್ಯವಾಗಿಯೇ ಹೆಚ್ಚು ಬಳಕೆಯಾದದ್ದರಿಂದ ಆ ಜಾಣತನ ಹಿಟ್ಟು-ಅನ್ನದ ಮೇಲೆ ನಡೆಯಿತು. ಉತ್ತರ ಭಾರತದ ಬಸೋಡಾ ಹಬ್ಬದ ದಿನ ಒಲೆಯನ್ನೇ ಹಚ್ಚದೆ ಶೀತಲಾ ದೇವಿಗೆ ಹಿಂದಿನ ದಿನದ ಅಡುಗೆಯನ್ನೇ ಎಡೆಯಿಡುತ್ತಾರೆ. ಬಾಂಗ್ಲಾದೇಶದಲ್ಲಿ ಹೊಸ ವರ್ಷದ ಬೆಳಗಿನ ಊಟ ನೀರಲ್ಲಿ ನೆನೆದ ಪಾಂತಾ ಭಾತ್, ಜತೆಗೆ ಇಲಿಶ್ ಮೀನು. 2021ರಲ್ಲಿ ಕಿಶ್ವರ್ ಚೌಧರಿ ಆಸ್ಟ್ರೇಲಿಯಾದ ಮಾಸ್ಟರ್‌ಶೆಫ್ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಅದನ್ನೇ ಬಡಿಸಿದಾಗ ಜಗತ್ತು ಬೆರಗಾಗಿ ನೋಡಿತು. ಒಡಿಶಾದವರು ಮಾರ್ಚ್ 20ನ್ನು ಪಖಾಳದ, ಅಂದರೆ ತಮ್ಮ ನೀರನ್ನದ, ದಿನವೆಂದು ಆಚರಿಸುತ್ತಾರೆ. ಬಂಗಾಳಿಗಳೂ ಒಡಿಯಾಗಳೂ ತಮ್ಮ ತಂಗಳನ್ನು ಎದೆಯುಬ್ಬಿಸಿ ಹೇಳಿಕೊಳ್ಳುವಾಗ ನಾವೇಕೆ ನೆಂಟರ ಮುಂದೆ ಮಡಕೆ ಮರೆಮಾಡುತ್ತೇವೆ?

ಇದಕ್ಕೆ ಉತ್ತರ ಅಡುಗೆಮನೆಯ ಹೊರಗಿದೆ. ಹಬ್ಬ ಬಿಟ್ಟು ಉಳಿದ ದಿನಗಳಲ್ಲಿ ತಂಗಳು ತಿಂದವರು ಯಾರು ಎಂದು ಕೇಳಿಕೊಂಡರೆ ಹೊಗಳಿಕೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗೌಡರ ಮನೆಯ ಜೀತದಾಳಿಗೆ ಹೊತ್ತು ಮೂಡುವಾಗ ಕೊಟ್ಟಿಗೆಯ ಹತ್ತಿರ ಸಿಗುತ್ತಿದ್ದದ್ದು ತಂಗಳು. 1976ರ ಕಾಯ್ದೆ ಜೀತವನ್ನು ನಿಷೇಧಿಸಿತು, ಆದರೆ ಮೇಲಿನಿಂದ ಸುರಿಸಿಕೊಂಡು ತಿಂದ ಹಿಟ್ಟಿನ ನೆನಪನ್ನು ಕಾಯ್ದೆ ಅಳಿಸಲಾರದು. ಮನೆಯ ಒಳಗೂ ಪಂಕ್ತಿಭೇದ ಕಡಿಮೆಯಿರಲಿಲ್ಲ: ಗಂಡಸರಿಗೆ ಬಿಸಿ, ಮಕ್ಕಳಿಗೆ ಬಿಸಿ, ಸೊಸೆಗೆ ತಂಗಳು. ಈ ಜನರ ಮೊಮ್ಮಕ್ಕಳು ಬಿಸಿ ಇಡ್ಲಿಯನ್ನು ಆರಿಸಿಕೊಂಡರೆ ಅದು ಅವರ ಗೆಲುವು. ಅದಕ್ಕೆ ಸಂಸ್ಕೃತಿ ಮರೆತರು ಎಂದು ಮೂಗು ಮುರಿಯುವ ಹಕ್ಕು ಯಾರಿಗೂ ಇಲ್ಲ. ಹೊಸತೊಡಕಿನ ಬೆಳಗು ನನಗೆ ಮುಖ್ಯವೆನಿಸುವುದು ಇದೇ ಕಾರಣಕ್ಕೆ. ಅವತ್ತು ಯಜಮಾನನೂ, ನೆಂಟರೂ, ಮಕ್ಕಳೂ, ಸೊಸೆಯೂ ಒಂದೇ ಮಡಕೆಯಿಂದ ತಿನ್ನುತ್ತಾರೆ. ಒಬ್ಬರಿಗೆ ಬಿಸಿ, ಒಬ್ಬರಿಗೆ ತಂಗಳು ಎಂಬುದಿಲ್ಲ. ಎಲ್ಲರೂ ತಿಂದಾಗ ಮಾತ್ರ ತಂಗಳಿನ ರುಚಿಯನ್ನು ಬರೀ ರುಚಿಯಾಗಿ ತೂಗಿ ನೋಡಲು ಆಗುತ್ತದೆ.

ಅವಮಾನದ ಕಾಲ ಮುಗಿಯುವ ಮುಂಚೆಯೇ ಅತಿ ಹೊಗಳಿಕೆಯ ಕಾಲ ಶುರುವಾಗಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಮೇಲಂತೂ ಅಂಬಲಿ ಗಾಜಿನ ಲೋಟಕ್ಕೆ ಏರಿದೆ. ರಾಗಿಯ ಗುಣ ಸುಳ್ಳಲ್ಲ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ಆದರೆ ರಾತ್ರಿ ನೀರಲ್ಲಿಟ್ಟ ಮಾತ್ರಕ್ಕೆ ಕಬ್ಬಿಣದ ಅಂಶ ಹಲವು ಪಟ್ಟು ಹೆಚ್ಚುತ್ತದೆ ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಒಪ್ಪತಕ್ಕದ್ದಲ್ಲ. ನೀರಲ್ಲಿ ಕಬ್ಬಿಣ ಹುಟ್ಟುವುದಿಲ್ಲ. ಹುಳಿ ಬರುವಾಗ ಖನಿಜಗಳನ್ನು ಹಿಡಿದಿಟ್ಟ ಫೈಟೇಟ್‌ನ ಪಟ್ಟು ಸಡಿಲವಾಗಿ, ಇದ್ದ ಕಬ್ಬಿಣವೇ ಮೈಗೆ ಸ್ವಲ್ಪ ಹೆಚ್ಚು ದಕ್ಕುತ್ತದೆ. ಬೆಂದು ಆರಿದ ಪಿಷ್ಟದ ಒಂದು ಪಾಲು ಬೇಗ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಇಷ್ಟು ಸಾಕು, ತಂಗಳಿಟ್ಟು ಸಕ್ಕರೆ ಕಾಯಿಲೆಗೆ ಮದ್ದು ಎಂದು ಹೇಳುವವರು ಹಿಟ್ಟಿಗೂ ಕಾಯಿಲೆಯವರಿಗೂ ಉಪಕಾರ ಮಾಡುತ್ತಿಲ್ಲ.

ಬೆಂಗಳೂರು ಸೇರಿದ ಮಕ್ಕಳು ಹಬ್ಬ ಮುಗಿಸಿ ಹೊರಡುವಾಗ ಡಬ್ಬಿ ತುಂಬ ಸಾರು, ಒಬ್ಬಟ್ಟು ಕಟ್ಟಿಸಿಕೊಂಡು ಹೋಗುತ್ತಾರೆ, ಸೀದಾ ಫ್ರಿಜ್‌ಗೆ ಇಡುತ್ತಾರೆ. ಸಾರಿಗೆ ಅದರಿಂದ ನಷ್ಟವಿಲ್ಲ, ತೆಗೆದು ಚೆನ್ನಾಗಿ ಕುದಿಸಿದರಾಯಿತು. ಹಿಟ್ಟಿಗೆ ಮಾತ್ರ ಫ್ರಿಜ್ ಆಗದು. ಆ ತಂಪಿನಲ್ಲಿ ಹುಳಿ ಹತ್ತುವುದಿಲ್ಲ, ಮೆತ್ತಗಾಗುವುದಿಲ್ಲ. ಬೆಳಿಗ್ಗೆ ಸಿಗುವುದು ತಣ್ಣಗಾದ ಮುದ್ದೆ, ತಂಗಳಿಟ್ಟಲ್ಲ. ಹೆದ್ದಾರಿ ಬದಿಯ ನಾಟಿ ಶೈಲಿ ಹೋಟೆಲುಗಳು ಮುದ್ದೆ ಬಾಡೂಟಕ್ಕೆ ಎಷ್ಟೇ ಹೆಸರು ಮಾಡಿದ್ದರೂ ತಂಗಳಿಟ್ಟಿನ ಗೋಜಿಗೆ ಹೋಗುವುದು ಅಪರೂಪ. ಅವರನ್ನು ದೂರುವಂತಿಲ್ಲ. ನಿನ್ನೆಯದನ್ನು ಇವತ್ತು ದುಡ್ಡಿಗೆ ಮಾರುವುದನ್ನು ಗಿರಾಕಿ ಒಪ್ಪುವುದಿಲ್ಲ. ಇದು ಮನೆಯಲ್ಲಿ ಮಾತ್ರ ಬದುಕಬಲ್ಲ ತಿಂಡಿ, ಮಾಡಿದವರನ್ನು ತಿನ್ನುವವರು ನಂಬಿದರೆ ಮಾತ್ರ ನಡೆಯುವ ತಿಂಡಿ.

ಹಾಗಾದರೆ ತೀರ್ಪು? ಎರಡನೆಯ ದಿನದ ಒಬ್ಬಟ್ಟಿನ ಸಾರು ಹಳೇ ಮೈಸೂರಿನ ಅಡುಗೆಗಳ ಮೊದಲ ಸಾಲಿನಲ್ಲಿ ನಿಲ್ಲುವಂಥದ್ದು. ಮೊದಲ ದಿನದ್ದು ಅದಕ್ಕೆ ಬರೀ ಪೀಠಿಕೆ. ತಂಗಳಿಟ್ಟು ಅದರ ಸರಿಜೋಡಿ, ಹಿಟ್ಟು ಬೆಂದಿದ್ದರೆ, ಮಡಕೆಯಲ್ಲಿ ಕೂತಿದ್ದರೆ. ತಂಗಳನ್ನ ಎಚ್ಚರಿಕೆ ಇದ್ದವರ ಕೈಯಲ್ಲಿ ಒಳ್ಳೆಯದು, ಇಲ್ಲದವರ ಕೈಯಲ್ಲಿ ಅಪಾಯ. ಒಬ್ಬಟ್ಟಿಗೆ ಪಾಸ್ ಮಾರ್ಕು, ಅದೂ ತುಪ್ಪದ ಪುಣ್ಯದಿಂದ. ಇಡೀ ಪದ್ಧತಿಯ ಮೇಲಿನ ನನ್ನ ಆಕ್ಷೇಪ ಒಂದೇ: ಈ ಜಾಣತನದ ಭಾರವೆಲ್ಲ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ಯುಗಾದಿಯ ದಿನ ಒಬ್ಬಟ್ಟು ತಟ್ಟಿದವಳೇ ರಾತ್ರಿ ಸಾರು ಕುದಿಸಬೇಕು, ಹಿಟ್ಟು ನೀರಿಗೆ ಹಾಕಬೇಕು, ಬೆಳಿಗ್ಗೆ ಎದ್ದು ಬೋಟಿ ತೊಳೆಯಬೇಕು. ಮುಂದಿನ ಯುಗಾದಿಗೆ ಊರಿಗೆ ಹೋಗುವ ಗಂಡುಮಕ್ಕಳೇ, ಕೊನೆಯ ಪಕ್ಷ ಸಾರಿನ ಪಾತ್ರೆಯ ಜವಾಬ್ದಾರಿ ವಹಿಸಿಕೊಳ್ಳಿ. ಎರಡು ಹೊತ್ತು ಚೆನ್ನಾಗಿ ಕುದಿಸಿ, ಒಣ ಸೌಟು ಬಳಸಿ, ತಳ ಹಿಡಿಯದಂತೆ ನೋಡಿಕೊಳ್ಳಿ. ಸಾರಿಗೆ ಬೇಕಾದದ್ದು ಅಷ್ಟೇ.